‘ಮಿರಾಂಡಾ’ದ ನಗು ಅಂಟಿಸಿದ್ದಲ್ಲ

ಮಾನ್ಯ ಸಂಪಾದಕರೆ,

ಬ್ರಿಟನ್ನಿನ ಹಾಸ್ಯ ಧಾರಾವಾಹಿಗಳ ಮಾತು ಬಂದಾಗಲೆಲ್ಲ ಒಂದು ಆಕ್ಷೇಪ ಕೇಳಿಬರುತ್ತದೆ: ಹಿಂದೆ ಕೇಳುವ ನಗು ಎಲ್ಲಿಂದಲೋ ತಂದು ಸೇರಿಸಿದ್ದು, ಎಲ್ಲಿ ನಗಬೇಕೆಂದು ನೋಡುಗರಿಗೆ ಹೇಳಿಕೊಡಲು ಇಟ್ಟದ್ದು ಎಂದು. ಬಿಬಿಸಿಯ ‘ಮಿರಾಂಡಾ’ದ ಮಟ್ಟಿಗೆ ಈ ಮಾತು ಸರಿಯಲ್ಲ. ಜಾಲತಾಣಗಳಲ್ಲಿ ಬರೀ ‘ತಪ್ಪುಗಳ ತಮಾಷೆ’ ಎಂದು ಹರಿದಾಡುವ, ಚಿತ್ರೀಕರಣದಲ್ಲಿ ತಪ್ಪಾದ್ದರಿಂದ ಕೈಬಿಟ್ಟ ತುಣುಕುಗಳಾದ ಔಟ್‌ಟೇಕ್‌ಗಳೇ ಅದಕ್ಕೆ ಸಾಕ್ಷಿ.

ಮಿರಾಂಡಾ ಹಾರ್ಟ್ ಬರೆದು ನಟಿಸಿದ ಈ ಹಾಸ್ಯ 2008ರಲ್ಲಿ ಬಿಬಿಸಿ ರೇಡಿಯೊ 2ರಲ್ಲಿ ಮೊದಲು ಬಂತು. 2009ರ ನವೆಂಬರ್‌ನಲ್ಲಿ ಬಿಬಿಸಿ ಟು ವಾಹಿನಿಗೆ ಏರಿತು. ಮೂರನೇ ಸರಣಿಯ ಹೊತ್ತಿಗೆ ಬಿಬಿಸಿ ಒನ್ ಸೇರಿ, 2015ರ ಜನವರಿ 1ರಂದು ಮುಗಿಯಿತು. ಒಟ್ಟು 20 ಕಂತು, ಅಷ್ಟೇ. ತಮಾಷೆ ಸಾಮಾನುಗಳ ಅಂಗಡಿ ಇಟ್ಟುಕೊಂಡ, ಆರಡಿ ಮೀರಿದ ಎತ್ತರದ, ಮೂವತ್ತು ದಾಟಿದ ಒಂಟಿ ಹೆಂಗಸು ನಾಯಕಿ. ಅಪರಿಚಿತರು ಅವಳನ್ನು ‘ಸರ್’ ಎಂದು ಕರೆದುಬಿಡುತ್ತಾರೆ. ಅಂಗಡಿಯ ಲೆಕ್ಕಾಚಾರವೆಲ್ಲ ಅವಳ ಭುಜಕ್ಕೂ ಬಾರದ ಗೆಳತಿ ಸ್ಟೀವಿಯ ಪಾಲು. ತಾಯಿ ಪೆನ್ನಿಗೆ ಮಗಳ ಮದುವೆಯದೇ ಚಿಂತೆ.

ಇಂಥ ನಾಯಕಿಯನ್ನು ಕೊನೆಗೊಮ್ಮೆ ಸಿಂಗರಿಸಿ, ತಿದ್ದಿ, ‘ಸರಿ’ ಮಾಡುವುದು ಹಾಸ್ಯದ ಹಳೇ ದಾರಿ. ‘ಮಿರಾಂಡಾ’ ಆ ದಾರಿ ಹಿಡಿಯುವುದಿಲ್ಲ. ಹಣ್ಣುಗಳಿಗೆ ಮುಖ ಬರೆದು ಮಾತಾಡಿಸುವ, ಸಂಭ್ರಮವಾದರೆ ಕುದುರೆಯಂತೆ ನೆಗೆದೋಡುವ ಅವಳ ಖುಷಿಯನ್ನು ಕಥೆ ರೋಗವೆಂದು ನೋಡುವುದಿಲ್ಲ. ಎಷ್ಟೋ ಹೆಂಗಸರು ಇದನ್ನು ಮತ್ತೆ ಮತ್ತೆ ನೋಡುವುದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ.

ಇನ್ನು ಕಸುಬಿನ ವಿಚಾರ. ಇಂಥ ಹಾಸ್ಯವನ್ನು ಕೆಲವು ದಿನ ತಾಲೀಮು ಮಾಡಿ, ಒಂದು ಸಂಜೆ ಸ್ಟುಡಿಯೊದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಿಸುತ್ತಾರೆ. ನಾಲ್ಕೈದು ಕ್ಯಾಮೆರಾ ಒಟ್ಟಿಗೆ ಓಡುತ್ತವೆ. ನಟರ ತಲೆಯ ಮೇಲೆ ಒಂದು ಮೈಕ್ ಇದ್ದರೆ, ಪ್ರೇಕ್ಷಕರ ಮೇಲೆ ತೂಗುಹಾಕಿದ ಮೈಕುಗಳೇ ಬೇರೆ. ಅರ್ಧ ಗಂಟೆಯ ಕಂತಿಗೆ ಎರಡು ಮೂರು ಗಂಟೆ ಹಿಡಿಯುವುದುಂಟು. ಹೊರಾಂಗಣ ದೃಶ್ಯಗಳನ್ನು ಮೊದಲೇ ತೆಗೆದು, ಅಂದು ಪರದೆಯ ಮೇಲೆ ತೋರಿಸಿ, ಆ ಜನರ ನಗುವನ್ನೇ ಹಿಡಿದಿಡುತ್ತಾರೆ.

ಇಲ್ಲಿ ನಟಿಯ ಕಷ್ಟ ಎಲ್ಲಿದೆ? ಜನ ನಕ್ಕಾಗ ಮುಂದಿನ ಮಾತು ತಡೆಹಿಡಿಯಬೇಕು. ನಗು ಏರುತ್ತಿರುವಾಗಲೇ ಆಡಿದರೆ ಮಾತು ಮುಳುಗಿಹೋಗುತ್ತದೆ. ಪೂರ್ತಿ ಅಡಗುವ ತನಕ ಕಾದರೆ ದೃಶ್ಯ ಸತ್ತುಹೋಗುತ್ತದೆ. ಇಳಿಯತೊಡಗಿದ ಕ್ಷಣಕ್ಕೇ ಶುರುಮಾಡಬೇಕು. ಅದರ ಜೊತೆಗೆ ಮಿರಾಂಡಾ ಮಾತಿನ ನಡುವೆ ನೇರ ಕ್ಯಾಮೆರಾ ಕಡೆ ತಿರುಗಿ ನಮ್ಮನ್ನು ನೋಡುತ್ತಾಳೆ. ಆ ಹೊತ್ತಿಗೆ ಯಾವ ಕ್ಯಾಮೆರಾ ತನ್ನದೆಂದು ಗೊತ್ತಿರಬೇಕು, ಕಣ್ಣು ಲೆನ್ಸಿನ ನಡುವಿಗೇ ಬೀಳಬೇಕು. ತುಸು ಅತ್ತಿತ್ತಾದರೆ ಅವಳು ನಮ್ಮನ್ನಲ್ಲ, ಪಕ್ಕದಲ್ಲಿ ಇನ್ಯಾರನ್ನೋ ನೋಡಿದಂತೆ ಕಂಡು ಗುಟ್ಟು ಹಂಚಿಕೊಂಡ ಸುಖವೇ ಹೋಗುತ್ತದೆ.

ಔಟ್‌ಟೇಕ್‌ನಲ್ಲಿ ಕೆಡುವುದೂ ಇದೇ ಲೆಕ್ಕ. ಪ್ರೇಕ್ಷಕರು ನಿರೀಕ್ಷೆಗಿಂತ ಹೆಚ್ಚು ಹೊತ್ತು ನಗುತ್ತಾರೆ. ಸುಮ್ಮನೆ ಕಾಯುತ್ತ ನಿಂತ ನಟಿಯ ತುಟಿಯಂಚು ಅಲ್ಲಾಡುತ್ತದೆ. ಎದುರಿನವರು ಅದನ್ನು ನೋಡಿದರೆ ಮುಗಿಯಿತು, ಇಬ್ಬರೂ ನಕ್ಕುಬಿಡುತ್ತಾರೆ. ಎರಡನೇ ಟೇಕ್‌ಗೆ ಜನರಿಗೆ ಜೋಕು ಗೊತ್ತಾಗಿರುತ್ತದೆ, ನಗು ತೆಳುವಾಗುತ್ತದೆ. ಅದಕ್ಕೇ ಪ್ರೇಕ್ಷಕರನ್ನು ಹುರಿದುಂಬಿಸಲು ಒಬ್ಬ ಹಾಸ್ಯಗಾರ ಸಂಜೆಯುದ್ದಕ್ಕೂ ಇರುತ್ತಾನೆ. ಸಂಕಲನಕಾರರು ಮೊದಲ ಟೇಕ್‌ನ ನಗುವನ್ನು ಎರಡನೆಯದರ ಚಿತ್ರಕ್ಕೆ ಜೋಡಿಸುವುದೂ ಉಂಟು. ಜೋಡಿಸಿದರೂ ಅದು ಅದೇ ಸಂಜೆಯ, ಅದೇ ಜನರ ನಗು.

ತಪ್ಪಾದ ತುಣುಕುಗಳನ್ನೇ ಕಾರ್ಯಕ್ರಮ ಮಾಡುವುದು ಬ್ರಿಟನ್ನಿನಲ್ಲಿ ಹೊಸದೇನಲ್ಲ. ಐಟಿವಿ ವಾಹಿನಿಯಲ್ಲಿ ನಿರೂಪಕ ಡೆನಿಸ್ ನಾರ್ಡೆನ್ 1977ರಲ್ಲೇ ಶುರುಮಾಡಿದ್ದರು. ಆದರೆ ಅಲ್ಲಿ ಬೇರೆ ಬೇರೆ ಕಾರ್ಯಕ್ರಮಗಳ ಚೂರುಗಳು. ಒಂದೇ ತಂಡದ ಔಟ್‌ಟೇಕ್‌ಗಳನ್ನು ಒಟ್ಟಿಗೆ ನೋಡಿದರೆ ಯಾರು ಯಾರೆದುರು ನಗು ತಡೆಯಲಾರದೆ ಸೋಲುತ್ತಾರೆ ಎಂಬುದು ತಿಳಿಯುತ್ತದೆ. ಪೆನ್ನಿಯ ಪಾತ್ರದ ಪೆಟ್ರಿಷಿಯಾ ಹಾಜ್ ರಂಗಭೂಮಿಯಲ್ಲಿ ಪಳಗಿದವರು, ‘ಸಚ್ ಫನ್!’ (ಎಂಥ ಮಜಾ!) ಎಂಬ ಎರಡೇ ಪದವನ್ನು ಬೆರಗು, ಬೈಗುಳ, ಬೆದರಿಕೆ ಮೂರಕ್ಕೂ ಬಳಸುತ್ತಾರೆ. ಸ್ಟೀವಿಯ ಪಾತ್ರದ ಸಾರಾ ಹ್ಯಾಡ್‌ಲ್ಯಾಂಡ್ ಮಾತಿನ ವೇಗ ಏರಿಸಿದಷ್ಟೂ ಎದುರಿನವರಿಗೆ ಉಸಿರು ಸಿಗುವುದಿಲ್ಲ.

ನೋಡಬೇಕೆನ್ನುವವರು ಮೊದಲು ಕಂತು, ಆಮೇಲೆ ಔಟ್‌ಟೇಕ್ ಎಂಬ ಕ್ರಮ ಬಿಡಬಾರದು. ದೃಶ್ಯ ಹೇಗೆ ಸಾಗಬೇಕಿತ್ತೆಂದು ಗೊತ್ತಿಲ್ಲದಿದ್ದರೆ ಎಲ್ಲಿ ಕೆಟ್ಟಿತೆಂಬುದೂ ಗೊತ್ತಾಗುವುದಿಲ್ಲ. ಒಂದೇ ಕಂತಿಗೆ ಸಮಯವಿದ್ದರೆ 2010ರ ಎರಡನೇ ಸರಣಿಯ ಐದನೆಯದನ್ನು ಆರಿಸಿಕೊಳ್ಳಿ. ತಾಯಿ, ಮಗಳು, ಒಬ್ಬ ಮನೋಚಿಕಿತ್ಸಕ; ಕಥೆಯೆಲ್ಲ ಬಹುಪಾಲು ಅವನ ಕೋಣೆಯಲ್ಲೇ. ಬೀಳುವುದಕ್ಕೆ ಅಂಗಡಿಯಿಲ್ಲ, ಓಡುವುದಕ್ಕೆ ಬೀದಿಯಿಲ್ಲ. ಮೌನವನ್ನೇ ಎಷ್ಟು ಎಳೆಯಬಹುದೆಂದು ಈ ಕಂತು ತೋರಿಸುತ್ತದೆ. ಇಂಗ್ಲಿಷ್ ಉಪಶೀರ್ಷಿಕೆ ಹಾಕಿಕೊಳ್ಳುವವರು ಒಮ್ಮೆ ಅದನ್ನು ತೆಗೆದೂ ನೋಡಬೇಕು. ಸಾಲು ಪರದೆಗೆ ಒಮ್ಮೆಗೇ ಬರುವುದರಿಂದ, ನಟಿ ಕೊನೆಯ ಪದ ಆಡುವ ಮುನ್ನವೇ ನಾವು ಓದಿ ಮುಗಿಸಿರುತ್ತೇವೆ. ಅವಳು ಕಾದು ಕಾದು ಇಟ್ಟ ಆ ಪದ ಆಗ ವ್ಯರ್ಥ.

ಕಂತು ಮುಗಿದಾಗ ಬೇಗ ಬಂದ್ ಮಾಡಬೇಡಿ. ‘ಡ್ಯಾಡ್ಸ್ ಆರ್ಮಿ’ಯ (ಬಿಬಿಸಿಯ ಹಳೆಯ ಹಾಸ್ಯ ಧಾರಾವಾಹಿ) ನಿರ್ಮಾಪಕ ಡೇವಿಡ್ ಕ್ರಾಫ್ಟ್ ಕಾಲದ ರೂಢಿಯಂತೆ, ನಟರೆಲ್ಲ ಒಬ್ಬೊಬ್ಬರಾಗಿ ಕ್ಯಾಮೆರಾದತ್ತ ಕೈಬೀಸುತ್ತಾರೆ. ಟಿ.ವಿ. ಪುಟದಲ್ಲಿ ಹಾಸ್ಯ ಧಾರಾವಾಹಿಗಳನ್ನು ಪರಿಚಯಿಸುವಾಗ, ಅದನ್ನು ಪ್ರೇಕ್ಷಕರೆದುರು ಚಿತ್ರೀಕರಿಸಿದ್ದೋ ಅಲ್ಲವೋ ಎಂಬ ಒಂದು ಸಾಲನ್ನೂ ತಾವು ಸೇರಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು