ಒಂಟಿ ಕೈಯ ನಾಯಕ, ಬಣ್ಣ ಬಳಿದ ಯೋಗಿ

ಪ್ರಿಯ ಗೆಳೆಯನಿಗೆ,

ನಮಸ್ಕಾರ. ಹಳೆಯ ಚೀನೀ ಕುಂಗ್ ಫೂ ಚಿತ್ರಗಳಲ್ಲಿ ಗಂಡಸರ ಹೊಡೆದಾಟ ಬಿಟ್ಟರೆ ಬೇರೇನಿದೆ ಎಂದು ನೀನು ಕಳೆದ ಪತ್ರದಲ್ಲಿ ಕೇಳಿದ್ದೆ. ಬೇಕಾದಷ್ಟಿದೆ. ಆದರೆ ಅಲ್ಲಿ ಯಾರಿಗೆ ಎಷ್ಟು ಜಾಗ ಸಿಕ್ಕಿತು ಎಂಬುದು ವರ್ಷದಿಂದ ವರ್ಷಕ್ಕೆ ಏರುತ್ತ ಹೋದ ಲೆಕ್ಕವಲ್ಲ. ಒಂದು ಚಿತ್ರ ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಂಡದ್ದೂ ಉಂಟು.

ಹಾಂಗ್‌ಕಾಂಗಿನ ಶಾ ಬ್ರದರ್ಸ್ ಸಂಸ್ಥೆಗಾಗಿ ಕಿಂಗ್ ಹೂ 1966ರಲ್ಲಿ ನಿರ್ದೇಶಿಸಿದ 'ಕಮ್ ಡ್ರಿಂಕ್ ವಿತ್ ಮಿ' ಚಿತ್ರವನ್ನೇ ತೆಗೆದುಕೋ. ದರೋಡೆಕೋರರ ಸೆರೆಯಲ್ಲಿರುವ ಸೋದರನನ್ನು ಬಿಡಿಸಲು 'ಗೋಲ್ಡನ್ ಸ್ವಾಲೋ' ಎಂಬ ಯುವತಿ ಗಂಡುವೇಷದಲ್ಲಿ ಬಂದು ಛತ್ರವೊಂದರಲ್ಲಿ ಕೂರುತ್ತಾಳೆ. ಸುತ್ತ ನೆರೆದ ದುರುಳರು ಒಬ್ಬರಾದ ಮೇಲೊಬ್ಬರು ಕೆಣಕಿದರೂ ಆಕೆ ಅವಸರಪಡುವುದಿಲ್ಲ. ಆ ಕೋಣೆಯಲ್ಲಿ ಭಯಪಡಬೇಕಾದವರು ಯಾರೆಂಬುದು ನಮಗೆ ಅವಳ ಭುಜದ ನಿಲುವಿನಿಂದಲೇ ತಿಳಿದುಬಿಡುತ್ತದೆ. ನೃತ್ಯ ಕಲಿತಿದ್ದ ಚೆಂಗ್ ಪೇ-ಪೇ ಈ ಪಾತ್ರ ಮಾಡಿದರು. ಚಿತ್ರದ ಉತ್ತರಾರ್ಧದಲ್ಲಿ ಆಕೆಗೆ ವಿಷದ ಬಾಣ ತಗುಲಿ, ಕಥೆ ಕುಡುಕ ಗುರುವೊಬ್ಬನ ಕೈಗೆ ಜಾರುವುದು ನನಗೆ ಇಂದಿಗೂ ಬೇಸರದ ವಿಷಯ.

ಎರಡೇ ವರ್ಷದಲ್ಲಿ, 1968ರಲ್ಲಿ, ಚಾಂಗ್ ಚೆ ಅದೇ ಪಾತ್ರವನ್ನಿಟ್ಟುಕೊಂಡು 'ಗೋಲ್ಡನ್ ಸ್ವಾಲೋ' ತೆಗೆದರು. ಹೆಸರು ಅವಳದು, ಚಿತ್ರ ಮಾತ್ರ ಅವಳನ್ನು ತನ್ನೆಡೆಗೆ ಸೆಳೆಯಲೆಂದು ಊರೂರಲ್ಲಿ ಹೆಣ ಉರುಳಿಸುವ ಸಿಲ್ವರ್ ರಾಕ್‌ನದು. ಜಿಮ್ಮಿ ವಾಂಗ್ ಯು ವಹಿಸಿದ ಆ ವೀರನ ಸಾವಿಗೆ ಸಾಕ್ಷಿಯಾಗುವುದಷ್ಟೇ ನಾಯಕಿಯ ಪಾಲಿಗೆ ಉಳಿಯಿತು. ಆಂಜೆಲಾ ಮಾವ್, ಮುಂದೆ ಕಾರಾ ಹುಯಿ, ಹೀಗೆ ಹೋರಾಡುವ ನಾಯಕಿಯರು ಬಂದರೆಂಬುದು ನಿಜ. ಆದರೂ ಎಪ್ಪತ್ತರ ದಶಕ ಬಹುಮಟ್ಟಿಗೆ ಗಂಡಸರದೇ ಆಯಿತು.

ವಿಚಿತ್ರವೆಂದರೆ, ಹೆಣ್ಣನ್ನು ಬದಿಗೆ ಸರಿಸಿದ ಅದೇ ಚಾಂಗ್ ಚೆ ಅಂಗವಿಕಲನನ್ನು ನಾಯಕನ ಸ್ಥಾನದಲ್ಲಿ ಕೂರಿಸಿದವರು. 1967ರ 'ಒನ್ ಆರ್ಮ್ಡ್ ಸ್ವೋರ್ಡ್ಸ್‌ಮನ್' ಚಿತ್ರದಲ್ಲಿ ಗುರುವಿನ ಮಗಳ ಕತ್ತಿಗೆ ಬಲಗೈ ಕಳೆದುಕೊಂಡ ಯುವಕ, ಅರ್ಧ ಸುಟ್ಟ ಪುಸ್ತಕ ಮತ್ತು ತಂದೆಯ ಮುರಿದ ಕತ್ತಿಯನ್ನು ಹಿಡಿದು ಎಡಗೈಯ ವಿದ್ಯೆ ಸಾಧಿಸುತ್ತಾನೆ. ಪಾತ್ರಧಾರಿ ಜಿಮ್ಮಿ ವಾಂಗ್ ಯುಗೆ ಎರಡೂ ಕೈಗಳಿದ್ದವು ಎಂಬುದನ್ನು ಮರೆಯುವಂತಿಲ್ಲ. ಹಾಗಿದ್ದರೂ ಕನಿಕರ ಬೇಡದ, ಇರುವ ದೇಹಕ್ಕೆ ತಕ್ಕಂತೆ ವಿದ್ಯೆಯನ್ನೇ ತಿದ್ದಿಕೊಂಡ ನಾಯಕನನ್ನು ಆ ಕಾಲದ ಎಷ್ಟು ಚಿತ್ರರಂಗಗಳು ತೋರಿಸಿದ್ದವು ಹೇಳು.

ನಮಗೆ ಚುಚ್ಚುವ ಚಿತ್ರ 1976ರ 'ಮಾಸ್ಟರ್ ಆಫ್ ದಿ ಫ್ಲೈಯಿಂಗ್ ಗಿಲೋಟಿನ್'. ನಿರ್ದೇಶಕರೂ ನಾಯಕರೂ ವಾಂಗ್ ಯು. ಮತ್ತೆ ಒಂಟಿ ಕೈಯ ವೀರ. ಅವನೆದುರಿಗೆ ಭಾರತದ ಯೋಗಿಯೊಬ್ಬ ಬರುತ್ತಾನೆ. ಚರ್ಮಕ್ಕೆ ಕಂದು ಬಣ್ಣ ಬಳಿದುಕೊಂಡ ಚೀನೀ ನಟ, ತೋಳುಗಳು ರಬ್ಬರಿನಂತೆ ಉದ್ದವಾಗುತ್ತವೆ. ಅವನಿಗೆ ಊರಿಲ್ಲ, ದುಃಖವಿಲ್ಲ, ಬರಿಯ ಚಮತ್ಕಾರ. ಬರಿಗಾಲಿನ ಥಾಯ್ ಹೋರಾಟಗಾರನನ್ನು ನಾಯಕ ಕಾದ ಕಬ್ಬಿಣದ ನೆಲದ ಮೇಲೆ ಕುಣಿಸಿ ಕೊಲ್ಲುವಾಗಲಂತೂ ನನ್ನ ಮನಸ್ಸು ನಾಯಕನ ಪಕ್ಷ ಬಿಟ್ಟಿತು. ಒಂದು ಕೈ ಇಲ್ಲದವನಿಗೆ ಇಷ್ಟು ಘನತೆ ಕೊಡಬಲ್ಲ ಸಿನಿಮಾ, ಗಡಿಯಾಚೆಯವನಿಗೆ ಒಂದಿಷ್ಟು ಹಿನ್ನೆಲೆಯನ್ನೂ ಕೊಡಲಿಲ್ಲ.

ಹಾಗೆಂದು ಎಲ್ಲ ನಿರ್ದೇಶಕರೂ ಹೀಗಿರಲಿಲ್ಲ. ಬ್ರೂಸ್ ಲೀ ನಟಿಸಿದ 1972ರ 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ಜಪಾನೀಯರೆಂದರೆ ಖಳರು. ಆರು ವರ್ಷಗಳ ಬಳಿಕ ಲೌ ಕಾರ್-ಲ್ಯೂಂಗ್ ತೆಗೆದ 'ಹೀರೋಸ್ ಆಫ್ ದಿ ಈಸ್ಟ್' ಚಿತ್ರದಲ್ಲಿ ಚೀನೀ ಗಂಡ, ಜಪಾನೀ ಹೆಂಡತಿ; ಯಾರ ದೇಶದ ವಿದ್ಯೆ ಹೆಚ್ಚಿನದೆಂಬ ಮನೆಜಗಳ ಬೆಳೆದು, ಜಪಾನಿನ ಗುರುಗಳೇ ಕತ್ತಿ, ಈಟಿಗಳೊಡನೆ ಬಂದಿಳಿಯುತ್ತಾರೆ. ಯಾಸುವಾಕಿ ಕುರಾಟಾ ಮೊದಲಾದ ಜಪಾನೀ ನಟರೇ ಆ ಪಾತ್ರಗಳಲ್ಲಿದ್ದಾರೆ, ಒಬ್ಬೊಬ್ಬರ ವಿದ್ಯೆಯೂ ಗೌರವದಿಂದ ಚಿತ್ರಿತವಾಗಿದೆ, ಒಬ್ಬರೂ ಸಾಯುವುದಿಲ್ಲ. ಗೆಲುವು ಮಾತ್ರ ಗಂಡನದೇ ಆಗಬೇಕಿತ್ತು, ಅದೂ ಆಯಿತು.

ಬಿಡುವಾದಾಗ ಇದನ್ನೂ ಯೋಗಿಯ ಚಿತ್ರವನ್ನೂ ಹಿಂದೆಮುಂದೆಯೇ ನೋಡಿ ಬರೆ. ಮನೆಯವರಿಗೆಲ್ಲ ನನ್ನ ನೆನಪುಗಳನ್ನು ತಿಳಿಸು.

ಇಂತಿ ನಿನ್ನ ಗೆಳೆಯ