ಬಯಾಲಜಿ ಬಾಕಿ ಇದ್ದರೂ ನೀಟ್ ಬರೆಯಬಹುದು, ಸೀಟು ಸಿಗಬೇಕಾದರೆ ಅಷ್ಟು ಸಾಲದು

ಮಾನ್ಯರೇ,

ದ್ವಿತೀಯ ಪಿಯು ಫಲಿತಾಂಶ ಬಂದ ವಾರದಲ್ಲಿ ಕಾಲೇಜಿಗೆ ಬರುವ ಪೋಷಕರಲ್ಲಿ ಕೆಲವರ ಪ್ರಶ್ನೆ ಪ್ರತಿ ವರ್ಷವೂ ಒಂದೇ. ಮಗಳು ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ಓದಿ ಪಾಸಾಗಿದ್ದಾಳೆ, ಈಗ ಎಂಬಿಬಿಎಸ್ ಮಾಡುತ್ತೇನೆ ಎನ್ನುತ್ತಿದ್ದಾಳೆ, ಬಯಾಲಜಿ ಓದಿಲ್ಲ. ಇನ್ನು ದಾರಿಯೇ ಇಲ್ಲವೇ? ಇಲ್ಲ ಎಂದೇ ಹೇಳಿ ಕಳಿಸುವ ರೂಢಿ ಈಗಲೂ ಹಲವು ಕಡೆ ಇದೆ. ಅದು ಹಳೆಯ ನಿಯಮ. ಹನ್ನೊಂದು ಮತ್ತು ಹನ್ನೆರಡನೇ ತರಗತಿಯ ಎರಡೂ ವರ್ಷ ಬಯಾಲಜಿಯನ್ನು ಪ್ರಾಯೋಗಿಕ ತರಗತಿ ಸಹಿತ ರೆಗ್ಯುಲರ್ ಆಗಿ ಓದಿರಬೇಕು ಎಂಬ ಷರತ್ತು ಬಹುಕಾಲ ಇತ್ತು. 2023ರ ನವೆಂಬರ್ 22ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಸಾರ್ವಜನಿಕ ಪ್ರಕಟಣೆಯಿಂದ ಅದು ಸಡಿಲವಾಯಿತು. ಹನ್ನೆರಡನೇ ತರಗತಿ ಪಾಸಾದ ಮೇಲೆ ಮಾನ್ಯತೆ ಇರುವ ಮಂಡಳಿಯಿಂದ ಬಯಾಲಜಿ ಅಥವಾ ಬಯೋಟೆಕ್ನಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಮುಗಿಸಿದವರೂ ಈಗ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಅರ್ಹರು.

ಈ ಸುದ್ದಿ ತಿಳಿದವರು ಇನ್ನೊಂದು ಕಡೆ ಎಡವುತ್ತಿದ್ದಾರೆ. ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕಾಗಿ. ಪರೀಕ್ಷೆ ಬರೆಯಲು ಸಿಗುವ ಅನುಮತಿಯೇ ಬೇರೆ, ಸೀಟು ಪಡೆಯುವ ಅರ್ಹತೆಯೇ ಬೇರೆ. ಅರ್ಹತಾ ಪರೀಕ್ಷೆಯ, ಅಂದರೆ ಹನ್ನೆರಡನೇ ತರಗತಿಯ ಫಲಿತಾಂಶ ಇನ್ನೂ ಬಾರದವರೂ ನೀಟ್‌ಗೆ ಅರ್ಜಿ ಹಾಕಬಹುದು. ಪ್ರವೇಶ ಪತ್ರ ಬರುತ್ತದೆ, ರ್‍ಯಾಂಕೂ ಬರುತ್ತದೆ. ಆದರೆ ಸೀಟು ಹಂಚುವ ಕೌನ್ಸೆಲಿಂಗ್‌ನ ದಾಖಲೆ ಪರಿಶೀಲನೆಯ ದಿನ ಬಯಾಲಜಿಯ ಅಂಕಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ಆ ರ್‍ಯಾಂಕಿನಿಂದ ಪ್ರಯೋಜನವಿಲ್ಲ.

ಪಿಸಿಎಂಸಿ, ಪಿಸಿಎಂಇ (ಕಂಪ್ಯೂಟರ್ ಬದಲು ಎಲೆಕ್ಟ್ರಾನಿಕ್ಸ್) ಓದಿದ ಹೆಚ್ಚಿನವರು ಬಯಾಲಜಿ ಸೇರಿಸಿಕೊಳ್ಳಲು ಹಿಡಿಯುವ ದಾರಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಎಲ್ಲ ವಿಷಯಗಳನ್ನೂ ಮತ್ತೆ ಬರೆಯಬೇಕಿಲ್ಲ. ಸೀನಿಯರ್ ಸೆಕೆಂಡರಿ ಮಟ್ಟದಲ್ಲಿ ಭಾಗಶಃ ಪ್ರವೇಶ ಪಡೆದು ಬಯಾಲಜಿ ಒಂದನ್ನೇ ತೆಗೆದುಕೊಳ್ಳಬಹುದು. ವಿಷಯ ಸಂಕೇತ 314. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ನಡೆಯುತ್ತದೆ. ಲೆಕ್ಕ ತಪ್ಪುವುದು ಇಲ್ಲೇ. ಏಪ್ರಿಲ್‌ನಲ್ಲಿ ಪಿಯು ಪಾಸಾಗಿ ಜುಲೈ ಒಳಗೆ ಎನ್‌ಐಒಎಸ್‌ಗೆ ಸೇರಿದವರು ಬರೆಯುವುದು ಮುಂದಿನ ವರ್ಷದ ಏಪ್ರಿಲ್–ಮೇ ಪರೀಕ್ಷೆ. ಅಂದರೆ ಒಂದು ವರ್ಷ ಕೈಬಿಡಲೇಬೇಕು. 'ಮೂರೇ ತಿಂಗಳಲ್ಲಿ ಬಯಾಲಜಿ ಮಾಡಿಸಿ ಕೊಡುತ್ತೇವೆ' ಎನ್ನುವವರನ್ನು ನಂಬಿ ಹಣ ಕಟ್ಟಬೇಡಿ. ಸೇರುವುದನ್ನು ಆಗಸ್ಟ್ ನಂತರಕ್ಕೆ ದೂಡಿದರೆ ಪರೀಕ್ಷೆ ಮುಂದಿನ ವರ್ಷದ ಅಕ್ಟೋಬರ್‌ಗೆ ಹೋಗುತ್ತದೆ. ಆಗ ಕಳೆಯುವುದು ಒಂದಲ್ಲ, ಎರಡು ವರ್ಷ.

ಬಯಾಲಜಿಗೆ 80 ಅಂಕದ ಥಿಯರಿ, 20 ಅಂಕದ ಪ್ರಾಯೋಗಿಕ. ಎರಡರಲ್ಲೂ ಬೇರೆ ಬೇರೆಯಾಗಿ ಶೇ 33 ಬರಬೇಕು. ಪ್ರಾಯೋಗಿಕ ಪರೀಕ್ಷೆ ಥಿಯರಿಗಿಂತ ಮೊದಲೇ, ಹಂಚಿಕೆಯಾದ ಅಧ್ಯಯನ ಕೇಂದ್ರದಲ್ಲಿ ನಡೆಯುತ್ತದೆ. ನೀಟ್ ಕೋಚಿಂಗ್‌ನಲ್ಲಿ ಮುಳುಗಿದ ವಿದ್ಯಾರ್ಥಿ ಆ ದಿನಾಂಕವನ್ನೇ ನೋಡಿರುವುದಿಲ್ಲ. ಥಿಯರಿಯಲ್ಲಿ 60 ಬಂದರೂ ಪ್ರಾಯೋಗಿಕಕ್ಕೆ ಗೈರಾದರೆ ಬಯಾಲಜಿ ಪಾಸಾಗದು. ಪರೀಕ್ಷಾ ಶುಲ್ಕ ಪ್ರವೇಶ ಶುಲ್ಕದಲ್ಲಿ ಸೇರಿರುವುದಿಲ್ಲ, ಅದನ್ನು ಬೇರೆಯಾಗಿ ಕಟ್ಟಬೇಕು. ಕಟ್ಟದಿದ್ದರೆ ಹಾಲ್ ಟಿಕೆಟ್ ಬರುವುದಿಲ್ಲ. ಇನ್ನು ಟಿಎಂಎ ಎಂಬ ಬರಹದ ನಿಯೋಜನೆಗಳಿವೆ. ಇವಕ್ಕೆ ಥಿಯರಿಯ ಶೇ 20ರಷ್ಟು ಪಾಲು ಇರುವುದರಿಂದ, ಸಲ್ಲಿಸದೆ ಬಿಟ್ಟರೆ ಸುಲಭವಾಗಿ ಬರಬಹುದಾದ ಅಂಕಗಳನ್ನು ನಾವೇ ಚೆಲ್ಲಿದಂತೆ.

ಆ ಅಂಕಗಳು ಯಾಕೆ ಮುಖ್ಯ? ವೈದ್ಯಕೀಯ ಸೀಟಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಬೇಕು. ಪಿಯುವಿನಲ್ಲಿ ಫಿಸಿಕ್ಸ್ 44, ಕೆಮಿಸ್ಟ್ರಿ 46 ಪಡೆದ ಸಾಮಾನ್ಯ ವರ್ಗದ ಹುಡುಗನೊಬ್ಬನಿಗೆ ಎರಡೂ ಸೇರಿ 90. ಮುನ್ನೂರಕ್ಕೆ 150 ಆಗಬೇಕಾದರೆ ಬಯಾಲಜಿಯಲ್ಲಿ 60 ಬೇಕೇ ಬೇಕು. '33 ಬಂದರೆ ಪಾಸು, ಸಾಕು' ಎಂದು ಕೂತರೆ ಅವನ ನೀಟ್ ಅಂಕ ಎಷ್ಟೇ ಇದ್ದರೂ ಸೀಟು ಸಿಗುವುದಿಲ್ಲ. ಪಿಯು ಅಂಕಪಟ್ಟಿ ಎದುರಿಗಿಟ್ಟುಕೊಂಡು ಈ ಕೂಡುವ ಲೆಕ್ಕವನ್ನು ಎನ್‌ಐಒಎಸ್ ಅರ್ಜಿ ತುಂಬುವ ಮೊದಲೇ ಮಾಡಿಕೊಳ್ಳಬೇಕು.

ಓದುವ ಪುಸ್ತಕದ ವಿಚಾರದಲ್ಲೂ ಒಂದು ಎಚ್ಚರಿಕೆ ಬೇಕು. ನೀಟ್‌ನ 180 ಪ್ರಶ್ನೆಗಳಲ್ಲಿ 90 ಬಯಾಲಜಿಯವು, 720ರಲ್ಲಿ 360 ಅಂಕ. ಆ ಪ್ರಶ್ನೆಗಳ ಬೇರು ಇರುವುದು ಹನ್ನೊಂದು, ಹನ್ನೆರಡನೇ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಲ್ಲಿ. ನಮ್ಮ ಪಿಯು ಕಾಲೇಜುಗಳಲ್ಲಿ ಕಲಿಸುವುದೂ ಅದನ್ನೇ. ಎನ್‌ಐಒಎಸ್‌ನ ಪಾಠಗಳ ಜೋಡಣೆ ಬೇರೆ. ಅದರಲ್ಲೂ ಸುಮಾರು ಶೇ 40ರಷ್ಟು ಪಾಠಗಳನ್ನು ಟಿಎಂಎಗೆ ಮೀಸಲಿಟ್ಟು, ಉಳಿದವನ್ನು ಮಾತ್ರ ಪರೀಕ್ಷೆಗೆ ಇಡುತ್ತಾರೆ. ಹೀಗಾಗಿ ಅಂಕಪಟ್ಟಿಗೆ ಎನ್‌ಐಒಎಸ್ ಪುಸ್ತಕ, ನೀಟ್‌ಗೆ ಎನ್‌ಸಿಇಆರ್‌ಟಿಯ ಎರಡೂ ಭಾಗ, ಹೀಗೆ ಎರಡನ್ನೂ ಓದಲೇಬೇಕು. ಎರಡು ವರ್ಷದ ಬಯಾಲಜಿಯನ್ನು ಒಂದೇ ವರ್ಷದಲ್ಲಿ ಓದುವವರು ಸಸ್ಯಗಳ ವರ್ಗೀಕರಣ, ಪ್ರಾಣಿಗಳ ವರ್ಗೀಕರಣದಂಥ ಬಾಯಿಪಾಠದ ಭಾಗವನ್ನು ಕೊನೆಗೆ ಬಿಡುತ್ತಾರೆ, ಮೇ ಹೊತ್ತಿಗೆ ಅದೇ ಭಾರವಾಗುತ್ತದೆ. ಅದನ್ನು ಆಗಸ್ಟ್‌ನಲ್ಲೇ ಶುರುಮಾಡಿ ವಾರಕ್ಕೊಮ್ಮೆ ಮರು ಓದಿದರೆ ಒಳ್ಳೆಯದು.

ಬಯಾಲಜಿ ಇದ್ದೂ ಫೇಲಾದವರ ಪಾಡು ಇಷ್ಟು ಕಷ್ಟದ್ದಲ್ಲ. 2024ರಿಂದ ನಮ್ಮ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಮುಂದಿನ ಪರೀಕ್ಷೆಯಲ್ಲಿ ಪಾಸು ಮಾಡಿಕೊಂಡು ಅದೇ ವರ್ಷದ ಕೌನ್ಸೆಲಿಂಗ್‌ಗೆ ಹೋಗಲು ಅವಕಾಶವಿದೆ. ಫೇಲಾದ ಬೇಸರದಲ್ಲಿ ನೀಟ್ ಬರೆಯದೆ ಮನೆಯಲ್ಲಿ ಕೂರುವುದೇ ಇವರು ಮಾಡುವ ತಪ್ಪು. ಪ್ರವೇಶ ಪತ್ರ ಬಂದಿದ್ದರೆ ಹೋಗಿ ಬರೆಯಬೇಕು.

ನೀಟ್ ಅರ್ಜಿಯೊಂದರಿಂದ ರಾಜ್ಯದ ಸೀಟು ಸಿಗುವುದಿಲ್ಲ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲೂ ನೋಂದಣಿ ಆಗಬೇಕು. ಪರಿಶೀಲನೆಗೆ ಹೋಗುವಾಗ ಪಿಯು ಅಂಕಪಟ್ಟಿ, ಎನ್‌ಐಒಎಸ್ ಅಂಕಪಟ್ಟಿ ಎರಡರ ಮೂಲ ಪ್ರತಿಯೂ ಬೇಕು. ಎನ್‌ಐಒಎಸ್‌ಗೆ ಸೇರುವಾಗ ಹೆಸರು, ತಂದೆತಾಯಿಯ ಹೆಸರು, ಇನಿಷಿಯಲ್ ಎಲ್ಲವನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆ ಅಕ್ಷರಕ್ಷರ ತುಂಬಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಪರಿಶೀಲನೆಯಲ್ಲಿ ಪ್ರಶ್ನೆ ಏಳುತ್ತದೆ, ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುತ್ತದೆ.

ಪದವಿಪೂರ್ವ ಶಿಕ್ಷಣ ಇಲಾಖೆಗೆ ನಮ್ಮ ಕೋರಿಕೆ ಎರಡು. ಪ್ರಥಮ ಪಿಯು ಪ್ರವೇಶದ ಸಮಯದಲ್ಲೇ, ಬಯಾಲಜಿ ಬಿಟ್ಟರೆ ಮುಂದೆ ಏನೇನು ಮಾಡಬೇಕಾಗುತ್ತದೆ ಎಂಬುದನ್ನು ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಹಾಕಿಸಬೇಕು. ಹಾಗೆಯೇ, ಹೆಚ್ಚುವರಿ ವಿಷಯವಾಗಿ ಬಯಾಲಜಿ ಓದುವ ಆಸುಪಾಸಿನ ಮಕ್ಕಳಿಗೆ ಸರ್ಕಾರಿ ಪಿಯು ಕಾಲೇಜಿನ ಪ್ರಯೋಗಾಲಯವನ್ನು ಶನಿವಾರ ಮಧ್ಯಾಹ್ನವಾದರೂ ತೆರೆದಿಡಬೇಕು. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡನ್ನು ಒಮ್ಮೆಯೂ ನೋಡದ ಮಗುವಿಗೆ ಕೋಶ ವಿಭಜನೆಯ ಹಂತಗಳನ್ನು ಚಿತ್ರದಲ್ಲಿ ಮಾತ್ರ ಕಲಿಸುವುದು ಬಹಳ ಕಷ್ಟ. ಆ ಪ್ರಯೋಗಕ್ಕೆ ಬೇಕಾದ ಸೂಕ್ಷ್ಮದರ್ಶಕ, ಬಣ್ಣ, ಸ್ಲೈಡು ಎಲ್ಲವೂ ನಮ್ಮ ಕಾಲೇಜುಗಳಲ್ಲಿ ಈಗಾಗಲೇ ಇವೆ.

– ಪದವಿಪೂರ್ವ ಕಾಲೇಜುಗಳ ಜೀವಶಾಸ್ತ್ರ ಉಪನ್ಯಾಸಕರು, ದಾವಣಗೆರೆ