ಭುಜ ಉಳಿಸಿದ ಅಂಕಲ್‌ಗೆ ಥ್ಯಾಂಕ್ಸ್

ನಮ್ಮ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಟೈಮಲ್ಲಿ ನಮ್ಮೂರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇತ್ತಲ್ಲ, ಅಲ್ಲಿ ನನ್ ಪಕ್ಕ ನಿಂತಿದ್ದ ಬಿಳಿ ಮೀಸೆ ಅಂಕಲ್, ಹೆಸರು ಕೇಳೋಷ್ಟರಲ್ಲಿ ಜೀಪ್ ಹತ್ತಿ ಹೋಗ್ಬಿಟ್ರಿ, ಅದಕ್ಕೇ ಇಲ್ಲಿ ಬರೀತಿದೀನಿ. ಅಜ್ಜನ 12 ಬೋರ್ ಡಬಲ್ ಬ್ಯಾರಲ್ ಕೋವಿ, ಅಜ್ಜ ಆರಡಿ ಆಳು, ನಾನು ಐದಡಿ, ಭುಜಕ್ಕೆ ಒತ್ತಿಡೋ ಹಿಂದಿನ ಮರದ ಭಾಗ (ಬಟ್) ಉದ್ದ ಆಗಿ ಕಂಕುಳಿಗೆ ಸಿಕ್ಕಾಕೊಂಡು ಕೊನೆಗೆ ಭುಜದ ಗುಳಿ ಬಿಟ್ಟು ತೋಳಿನ ಮೇಲೇ ಕೂರೋದು, ಗುಂಡು ಹೊಡೆದು ಕೋವಿ ಹಿಂದಕ್ಕೆ ಒದ್ದಾಗೆಲ್ಲ ತೋಳು ನೀಲಿ! ಎಲ್ರೂ "ಗಟ್ಟಿಯಾಗಿ ಹಿಡ್ಕೋ" ಅಂತಷ್ಟೇ ಹೇಳೋರು, ಪುಕ್ಕಟೆ ಸಲಹೆ ಅಲ್ವಾ. ನೀವು ಮಾತ್ರ ಮೊದ್ಲು ಕೋವಿ ಬಿಚ್ಚಿ ಎರಡೂ ನಳಿಗೆ ಖಾಲಿ ಇದ್ಯಾ ನೋಡಿ, ಆಮೇಲೆ ಟ್ರಿಗರ್‌ನಿಂದ ಬಟ್ ತುದಿವರೆಗೂ ಟೇಪ್ ಹಿಡಿದು ಅಳೆದ್ರಿ, 14.5 ಇಂಚು, "ನಿಂಗೆ 13 ಸಾಕಮ್ಮ" ಅಂದ್ರಿ. ಬಟ್ ಕೊಯ್ಸಿ ರಬ್ಬರ್ ಪ್ಯಾಡ್ ಹಾಕ್ಸು, ಪ್ಯಾಡಿನ ದಪ್ಪನೂ ಆ 13ರೊಳಗೇ ಬರ್ಬೇಕು, ಕೆನ್ನೆ ಮರಕ್ಕೆ ಒತ್ತಿಡು, ಸ್ವಲ್ಪ ಎತ್ತಿದ್ರೂ ಮರ ಬಂದು ಕೆನ್ನೆಗೇ ಬಡಿಯುತ್ತೆ, ಎಡಗಾಲು ಮುಂದಿಟ್ಟು ಮೈ ಮುಂದಕ್ಕೆ ವಾಲ್ಲಿ, 36 ಗ್ರಾಂ ಚರೆ ಇರೋ ಕಾರ್ಟ್ರಿಜ್ ಬಿಟ್ಟು 28 ಗ್ರಾಂದು ತಗೋ ಅಂತ ಒಂದೊಂದೇ ಹೇಳಿದ್ರಿ. ಎಲ್ಲಾ ಮಾಡ್ಸಿದೀನಿ, ಒದೆತ ಇದೆ ಆದ್ರೆ ನೋವಿಲ್ಲ. ತುಂಬಾ ಥ್ಯಾಂಕ್ಸ್ ಅಂಕಲ್, ಮುಂದಿನ್ ಹಬ್ಬಕ್ಕೆ ಪಂದಿ ಕರಿ ನಮ್ಮನೇಲೇ.